ಕೊಟ್ಟಿಗೆ ಕೆಡವೋ ಮುಂಚೆ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಸಂತೆಮರಹಳ್ಳಿಯಲ್ಲಿ ಬಸ್ ಇಳಿಯೋ ಹೊತ್ತಿಗೇ ಚಿಕ್ಕಪ್ಪನ ಫೋನು. "ಹಂಗೇ ಯಳಂದೂರಿಗೆ ಬಂದ್ಬುಡು ಮಗಾ. ಸ್ವಾಮಾರ ಹಿತ್ಲು ಕೊಟ್ಗೆ ಕೆಡವ್ಬೇಕು, ಕಾಗ್ದಪತ್ರ ಏನಾರ ಬೇಕಾ ನೋಡು."

ದನ ಮಾರಿ ಆರು ವರ್ಷವಾಯ್ತು. ಕೊಟ್ಟಿಗೆಯ ನಾಡಹೆಂಚು ಅರ್ಧ ಕುಸಿದಿದೆ. ಅದನ್ನೂ ಪಕ್ಕದ ಸೌದೆಮನೆಯನ್ನೂ ತೆಗೆದು, ಮದುವೆ ಗೊತ್ತಾಗಿರುವ ಮಗನಿಗೆ ಎರಡು ರೂಮು ಕಟ್ಟಿಸೋದು ಅವರ ಲೆಕ್ಕ. ತೊಡಕು ಒಂದೇ: ಹಿತ್ತಲಲ್ಲಿ ನಿಂತರೆ ಗೌರೀಶ್ವರ ದೇವಸ್ಥಾನ ಕಾಣುತ್ತೆ. ಹದಿನಾಡಿನ ಪ್ರಭುಗಳು ಕಟ್ಟಿಸಿದ್ದು. ಮುಂದಿರುವ ಬಳೆಮಂಟಪಕ್ಕೆ ಕಲ್ಲಿನ ಬಳೆಗಳ ಸರಪಳಿಯಿಂದಲೇ ಆ ಹೆಸರು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಾಗಲೇ ಅದು ಹಳೇ ಗುಡಿ.

ಸ್ಮಾರಕ ಕಾಯುವ ಕಾಯ್ದೆ ಕರ್ಜನ್ ಕಾಲದಲ್ಲಿ, 1904ರಲ್ಲಿ ಬಂತು. ಸ್ವತಂತ್ರ ಭಾರತದ್ದು 1958ರದ್ದು. ಆದರೆ ಸುತ್ತಲಿನ ಮನೆಗಳಿಗೆ ಅಳತೆ ಬಿದ್ದದ್ದು 1992ರ ಜೂನ್ 16ರ ಅಧಿಸೂಚನೆಯಿಂದ: ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಕ್ರಮೇಣ ತಜ್ಞರ ಸಮಿತಿಯೊಂದರ ಮೂಲಕ ನಿಷೇಧಿತ ಜಾಗದಲ್ಲೂ ಒಪ್ಪಿಗೆ ಸಿಗತೊಡಗಿತು. 2009ರಲ್ಲಿ ದೆಹಲಿ ಹೈಕೋರ್ಟ್ ಅದು ಕಾನೂನುಬಾಹಿರ ಅಂದಿತು. 2010ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು.

ಆ ತಿದ್ದುಪಡಿಯಲ್ಲಿ ಮೂರು ಪದ ಬೇರೆಬೇರೆ: ನಿರ್ಮಾಣ, ಪುನರ್ನಿರ್ಮಾಣ, ದುರಸ್ತಿ. ನಿಯಂತ್ರಿತ ವಲಯದಲ್ಲಿ ಅನುಮತಿ ಪಡೆದು ಮೂರನ್ನೂ ಮಾಡಬಹುದು. 100 ಮೀಟರ್ ಒಳಗೆ, 1992ಕ್ಕೂ ಮುಂಚಿನ ಕಟ್ಟಡಕ್ಕೆ ದುರಸ್ತಿ ಮಾತ್ರ, ಅದೂ ಅನುಮತಿ ಇದ್ದರೆ. ಅಂದರೆ ಕೆಡವಿದ ಗೋಡೆ ಅದೇ ಅಳತೆಯಲ್ಲೂ ಮತ್ತೆ ಏಳೋ ಹಾಗಿಲ್ಲ.

ಟೇಪ್ ಹಿಡಿದೆವು. 70 ಮೀಟರ್ ಕೂಡ ಬರಲಿಲ್ಲ.

"ಅಂದ್ರೆ ಗುಡಿ ಉಳಿಯಕ್ಕೆ ನಮ್ ಕೊಟ್ಗೇನೂ ಉಳೀಬೇಕಾ?" ಅಂದರು ಚಿಕ್ಕಪ್ಪ. ನನಗೆ ಉತ್ತರ ಹೊಳೆಯಲಿಲ್ಲ. ಕಾನೂನು ಇಲ್ಲದಿದ್ದರೆ ಗುಡಿಯ ಗೋಡೆಗೇ ಅಂಟಿಕೊಂಡು ಲಾಡ್ಜು ಎದ್ದಿರುತ್ತಿತ್ತು, ನಿಜ. ಆದರೆ ಆ 100 ಮೀಟರಿಗೆ ಲಾಡ್ಜೂ ಒಂದೇ, ಮಗನ ರೂಮೂ ಒಂದೇ.

ಟ್ರಂಕು ತಡಕಿದಾಗ ತಾತನ ಹೆಸರಿನ 1984ರ ಕಂದಾಯದ ರಸೀದಿ ಸಿಕ್ಕಿತು. ಕೊಟ್ಟಿಗೆಯ ನಾಲ್ಕೂ ಗೋಡೆ ಹಾಗೇ ಬಿಟ್ಟು, ಸೂರು ಸರಿಮಾಡಿ ಒಂದು ರೂಮು ಮಾಡಿಕೊಳ್ಳೋಕೆ ದುರಸ್ತಿ ಅರ್ಜಿ ಬರೆದೆವು. ಕಾಯ್ದೆಯ ಲೆಕ್ಕದಲ್ಲಿ ಅರ್ಜಿ ಪ್ರಾಧಿಕಾರಕ್ಕೆ ಹೋಗೋಕೆ 15 ದಿನ, ಅಲ್ಲಿ ಎರಡು ತಿಂಗಳು, ಕೊನೇ ತೀರ್ಮಾನಕ್ಕೆ ಒಂದು ತಿಂಗಳು. ಮದುವೆ ಅದಕ್ಕಿಂತ ಮುಂಚೆಯೇ ಇದೆ.

ನಿಮ್ಮ ಊರಲ್ಲೂ ಹಳೇ ಗುಡಿಯ ಪಕ್ಕ ಹಳೇ ಹಿತ್ತಲಿದ್ದರೆ, ಮೊದಲು ಟೇಪ್ ಹಿಡೀರಿ, ಆಮೇಲೆ ಹಾರೆ. ಸೋಮವಾರ ಬರಬೇಕಿದ್ದ ಗಾರೆಯವರಿಗೆ ಚಿಕ್ಕಪ್ಪ ಫೋನ್ ಮಾಡಿ, ಈಗ್ಲೇ ಬರಬೇಡಿ ಅಂದರು.