ಕ್ಯಾನ್ಸರ್ ಮತ್ತು ರೋಗನಿರೋಧಕ ಕೋಶಗಳು: ಇತಿಹಾಸ

ರೋಗನಿರೋಧಕ ಕೋಶಗಳು ಕ್ಯಾನ್ಸರನ್ನು ತಡೆಯುವುದೂ ಉಂಟು, ಬೆಳೆಸುವುದೂ ಉಂಟು. ಜನಪ್ರಿಯ ಬರಹಗಳು ಮೊದಲನೆಯದನ್ನೇ ಎತ್ತಿ ಹೇಳುತ್ತವೆ; ಕಾಲಕ್ರಮದಲ್ಲಿ ಎರಡನೆಯದೇ ಹಳೆಯದು. ಗಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಕಂಡ ಜರ್ಮನಿಯ ರುಡಾಲ್ಫ್ ವಿರ್ಕೊ, ಬಹುಕಾಲದ ಉರಿಯೂತವೇ ಕ್ಯಾನ್ಸರಿಗೆ ಮೂಲವೆಂದು 1863ರಲ್ಲೇ ಊಹಿಸಿದ್ದರು. 1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ ದೇಹದ ಪ್ರತಿರೋಧವನ್ನು ಕೆರಳಿಸಲು ನೋಡಿದರು.

ನಿರೋಧಕ ವ್ಯವಸ್ಥೆ ಕ್ಯಾನ್ಸರ್ ಕೋಶಗಳನ್ನು ಹುಟ್ಟಿದಲ್ಲೇ ಅಳಿಸುತ್ತದೆ ಎಂಬ ಮ್ಯಾಕ್‌ಫರ್ಲೇನ್ ಬರ್ನೆಟ್ಟರ ವಾದ 1950ರ ದಶಕದ ಕೊನೆಯದು. 1974ರಲ್ಲಿ ಅದಕ್ಕೆ ಪೆಟ್ಟು ಬಿತ್ತು. ಟಿ ಕೋಶಗಳೆಂಬ ನಿರೋಧಕ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯೇ ಇಲ್ಲದ ಬೋಳು ಇಲಿಗಳಿಗೂ ಉಳಿದವಕ್ಕಿಂತ ಹೆಚ್ಚು ಕ್ಯಾನ್ಸರ್ ಬರುವುದಿಲ್ಲವೆಂದು ಓಸಿಯಸ್ ಸ್ಟಟ್‌ಮನ್ ತೋರಿಸಿದರು. ಆದರೆ ಆ ಇಲಿಗಳಲ್ಲಿ ಸಹಜ ಸಂಹಾರಕ ಕೋಶಗಳೆಂಬ ಬೇರೆ ನಿರೋಧಕ ಕೋಶಗಳು ಉಳಿದಿದ್ದವು. ಅವುಗಳ ಪತ್ತೆಯೇ ಮರುವರ್ಷದ್ದು. 2001ರಲ್ಲಿ ರಾಬರ್ಟ್ ಶ್ರೈಬರ್ ತಂಡ ಟಿ ಮತ್ತು ಬಿ ಕೋಶಗಳೇ ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಹೆಚ್ಚೆಂದು ತೋರಿಸಿ ಬರ್ನೆಟ್ಟರ ವಾದಕ್ಕೆ ಮರುಜೀವ ಕೊಟ್ಟಿತು. ಜೊತೆಗೇ ಇನ್ನೊಂದು ಸಂಗತಿ ಹೊರಬಿತ್ತು: ಕಾವಲಿನ ಕಣ್ಣು ತಪ್ಪಿಸಬಲ್ಲ ಕೋಶಗಳಷ್ಟೇ ಉಳಿದು ಬೆಳೆಯುವುದರಿಂದ, ಕಾವಲೇ ಗಡ್ಡೆಯನ್ನು ಬಲಪಡಿಸುತ್ತದೆ. ಗಡ್ಡೆ ಸೇರಿದ ಮ್ಯಾಕ್ರೊಫೇಜುಗಳೆಂಬ ನಿರೋಧಕ ಕೋಶಗಳಂತೂ ಅದಕ್ಕೆ ಹೊಸ ರಕ್ತನಾಳ ಬೆಳೆಸಿಕೊಟ್ಟು ಟಿ ಕೋಶಗಳನ್ನು ಅಡಗಿಸಬಲ್ಲವು.

ಟಿ ಕೋಶಗಳ ತಡೆ ಬಿಡಿಸುವ ದಾರಿ ಕಂಡುಕೊಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಆ ಬಗೆಯ ಔಷಧ ದುಬಾರಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳ ಪ್ರಯೋಗದಲ್ಲಿ ಗುಳಿಗೆಗಳ ಜೊತೆ ಅಂಥದ್ದೇ ಔಷಧವಾದ ನಿವೊಲುಮಾಬನ್ನು ಸಲಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿತು. ವರ್ಷ ಕಳೆದು ಬದುಕುಳಿದವರ ಪ್ರಮಾಣ ಬರೀ ಗುಳಿಗೆ ಪಡೆದವರಲ್ಲಿ ಶೇ. 16.3, ನಿವೊಲುಮಾಬನ್ನೂ ಪಡೆದವರಲ್ಲಿ ಶೇ. 43.4. 2022ರಲ್ಲಿ ಪ್ರಕಟವಾದ ಈ ಫಲಿತಾಂಶ, ತಂಬಾಕು ಜಗಿಯುವ ಚಟ ಬೇರೂರಿದ ಕಲಬುರಗಿ ಸೀಮೆಗೆ ನೊಬೆಲ್ಲಿಗಿಂತ ಹತ್ತಿರದ್ದು.

ಟಿ ಕೋಶಗಳನ್ನೇ ಮದ್ದಾಗಿಸುವುದು ಇನ್ನೊಂದು ದಾರಿ, ಕಾರ್-ಟಿ. ಭಾರತದ 'ಮೊದಲ' ಕಾರ್-ಟಿ ಚಿಕಿತ್ಸೆ ಯಾವುದೆಂಬುದರಲ್ಲಿ ಗೊಂದಲವಿದೆ. ಅಕ್ಟೋಬರ್ 2023ರಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕದ ಸ್ವದೇಶಿ ಕೆಲಸ. ಬೆಂಗಳೂರಿನ ಇಮ್ಯುನೀಲ್ 2025ರಲ್ಲಿ ಬಿಡುಗಡೆ ಮಾಡಿದ ಕಾರ್ಟೆಮಿಯ ಮೂಲ ಬಾರ್ಸಿಲೋನಾದ ಆಸ್ಪತ್ರೆ. ಎರಡರಲ್ಲೂ ರೋಗಿಯ ಟಿ ಕೋಶಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮರಳಿ ಕೊಡಬೇಕು. ನಿವೊಲುಮಾಬ್ ಹಾಗಲ್ಲ, ಸಲೈನಿನಂತೆ ರಕ್ತನಾಳಕ್ಕೆ ಹನಿಸಿದರಾಯಿತು. ಕಲಬುರಗಿ ಜಿಲ್ಲೆಯ ಕಮಲಾಪುರದ ರೋಗಿಗೆ ಕ್ಯಾನ್ಸರ್ ಚಿಕಿತ್ಸೆಗೆ ಸಮೀಪದ ಸರ್ಕಾರಿ ತಾಣ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ; ಕಾರ್ಟೆಮಿ ತಯಾರಾಗುವ ಬೆಂಗಳೂರು ಅಲ್ಲಿಂದ ಸುಮಾರು 600 ಕಿಲೋಮೀಟರ್.