ಹೋಳಿಗೆ ಬೆಳ್ಳಗಾದ ಕತೆ

ಹೋದ ವರ್ಷದ ಯುಗಾದಿಗೆ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಹಬ್ಬಕ್ಕೆ ಎರಡು ತಿಂಗಳ ಮೊದಲಷ್ಟೇ ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿತ್ತು. "ಅವರ ಮುಂದ ನಾವು ಕುಂತು ಹೋಳಗಿ ತಿನ್ನೂದು ಹ್ಯಾಂಗ?" ಎಂದು ಅವ್ವ ಅನ್ನ, ಸಾರು, ಕೋಸಂಬರಿಯಲ್ಲೇ ಹಬ್ಬ ಮುಗಿಸಿದಳು. ಅಪ್ಪ ಏನೂ ಅನ್ನಲಿಲ್ಲ. ದೇವರಿಗೆ ಎಡೆ ಹಿಡಿಯುವಾಗ ಹೋಳಿಗೆ ಇಲ್ಲದ ಎಲೆ ನೋಡಿ ಒಂದು ಗಳಿಗೆ ಸುಮ್ಮನೆ ನಿಂತರು, ಅಷ್ಟೆ.

ಈ ವರ್ಷ ಹಾಸ್ಟೆಲಿನಿಂದ ಊರಿಗೆ ಹೊರಟಾಗ ಅವ್ವನಿಗೆ ಫೋನಿನಲ್ಲೇ ಹೇಳಿದ್ದೆ: ಮೈದಾ ಬೇಡ, ಸಕ್ಕರೆ ಬೇಡ, ಹಿಂದಿನವರು ಮಾಡುತ್ತಿದ್ದ ಹಾಗೆ ಹೋಳಿಗೆ ಮಾಡೋಣ. ಹೇಳುವುದು ಸುಲಭ. ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವವನು ನಾನು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಮಾತೇ ನನ್ನನ್ನು ಕಾಡತೊಡಗಿತು. 'ಹಿಂದಿನವರು' ಅಂದರೆ ಯಾರು?

ನಮ್ಮ ಅಡುಗೆಯ ಇತಿಹಾಸ ಬರೆಯುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ 'ಮಾನಸೋಲ್ಲಾಸ' ಒಂದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ್ದು. ಅದರ ಅನ್ನಭೋಗದ ಭಾಗದಲ್ಲಿ ಗೋಧಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿ ಹಿಡಿದು ಮಾಡುವ ಭಕ್ಷ್ಯಗಳು ಬರುತ್ತವೆ. ಅಲ್ಲಿನ ಮಂಡಕವೇ ಇಂದು ಬೆಳಗಾವಿಯಲ್ಲಿ ಬೋರಲು ಹಾಕಿದ ಪಾತ್ರೆಯ ಮೇಲೆ ಬೇಯಿಸುವ ಮಂಡಿಗೆಯ ಪೂರ್ವಜ. ಕನ್ನಡದಲ್ಲೂ ಇಂಥ ಬರವಣಿಗೆಗೆ ಉದ್ದನೆಯ ಪರಂಪರೆಯಿದೆ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. 16ನೇ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸ 'ಸೂಪಶಾಸ್ತ್ರ'ವೆಂಬ ಇಡೀ ಪುಸ್ತಕವನ್ನೇ ಷಟ್ಪದಿಯಲ್ಲಿ ಬರೆದ. ಅದರ ಮೊದಲ ಅಧ್ಯಾಯವೇ ಹಿಟ್ಟಿನ ಅಡುಗೆಗಳದ್ದು, ಪಿಷ್ಟಪಾಕ.

ಹೋಳಿಗೆಯ ಹಳಮೆಗೆ ಪುಸ್ತಕವೇ ಬೇಕೆಂದಿಲ್ಲ, ಅದರ ಹೆಸರೇ ಸಾಕ್ಷಿ ಹೇಳುತ್ತದೆ. ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಾಗ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪೋಳಿಗೆ ಹೋಳಿಗೆಯಾಯಿತು, ಪೂರಣ ಹೂರಣವಾಯಿತು. ಮರಾಠಿಯ ಪೂರಣ ಪೋಳಿಯಲ್ಲಿ ಎರಡೂ ಪಕಾರಗಳು ಹಾಗೇ ಉಳಿದಿವೆ.

ಇಷ್ಟೆಲ್ಲ ಸರಿ. ಆದರೆ ಈ ಗ್ರಂಥಗಳನ್ನು ಬರೆದವರು ಅರಸರು, ಅರಸರ ಆಶ್ರಯದಲ್ಲಿದ್ದವರು. ಅಲ್ಲಿರುವುದು ಅರಮನೆಯ ಊಟ. ಸಕ್ಕರೆಯೂ ಅಲ್ಲಿದೆ, ನುಣ್ಣಗೆ ಜರಡಿ ಹಿಡಿದ ಹಿಟ್ಟೂ ಅಲ್ಲಿದೆ. ಮೈದಾ ಎಂಬ ಪದವಂತೂ ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲೇ ಸಿಗುತ್ತದೆ. ಆಗ ಬಿಳುಪು ಎಂದರೆ ದುಡಿಮೆ. ಹತ್ತು ಜನ ಬೀಸಿ, ಬಟ್ಟೆಯಲ್ಲಿ ಸೋಸಿ, ತೌಡನ್ನೆಲ್ಲ ತೆಗೆದರೆ ಒಬ್ಬರ ತಟ್ಟೆಗೆ ಬೆಳ್ಳನೆಯ ಹಿಟ್ಟು. ಉಳಿದವರಿಗೆ ತೌಡು ಸಮೇತದ ಹಿಟ್ಟು, ಆಲೆಮನೆಯ ಬೆಲ್ಲ. ಬಹುಪಾಲು ಜನರಿಗೆ ಗೋಧಿಯೇ ಹಬ್ಬದ ಧಾನ್ಯ. ದಿನದ ಊಟಕ್ಕೆ ಜೋಳ, ರಾಗಿ, ನವಣೆ.

19ನೇ ಶತಮಾನದ ಕೊನೆಯಲ್ಲಿ ಉಕ್ಕಿನ ಉರುಳೆಗಳ ಹಿಟ್ಟಿನ ಗಿರಣಿಗಳು ಭಾರತಕ್ಕೆ ಬಂದವು. ಬೀಸುಕಲ್ಲು ಗೋಧಿಯನ್ನು ಇಡಿಯಾಗಿ ಅರೆದರೆ, ಈ ಉರುಳೆಗಳು ಕಾಳನ್ನು ಸೀಳಿ ತೌಡನ್ನೂ ಮೊಳಕೆಯ ಭಾಗವನ್ನೂ ಸಲೀಸಾಗಿ ಬೇರ್ಪಡಿಸುತ್ತವೆ. ಸಕ್ಕರೆಯದೂ ಇದೇ ಕತೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಅರಸನ ತಟ್ಟೆಯ ಬಿಳುಪು ನಿಧಾನವಾಗಿ ಕಿರಾಣಿ ಅಂಗಡಿಯ ಪೊಟ್ಟಣಕ್ಕೆ ಇಳಿಯಿತು. ಬೀಗರು ಬಂದಾಗ ಮೈದಾದ ತೆಳ್ಳನೆಯ ಹೋಳಿಗೆ ಬಡಿಸುವುದು ಅನುಕೂಲಸ್ಥರ ಲಕ್ಷಣವಾಯಿತು. ನಮ್ಮ ಅಜ್ಜಿ ಮೈದಾ ಹೋಳಿಗೆಯನ್ನು ಹೊಗಳುತ್ತಿದ್ದುದು ನನಗಿನ್ನೂ ನೆನಪಿದೆ. "ಕಣಕ ಹರಿಯೂದಿಲ್ಲ, ರಟ್ಟಿ ನೋಯೂದಿಲ್ಲ" ಎನ್ನುತ್ತಿದ್ದಳು. ಅವಳಿಗೆ ಮೈದಾ ವಿಷವಲ್ಲ, ಬಿಡುಗಡೆ.

ಈಗ ಚಕ್ರ ಒಂದು ಸುತ್ತು ತಿರುಗಿದೆ. ಅಜ್ಜಿಯ ಕಾಲದಲ್ಲಿ ರೈತರ ಮನೆಯ ಕಣಜದಲ್ಲಿದ್ದ ಜವೆ ಗೋಧಿಯನ್ನು ನಾನು ಪೇಟೆಯಲ್ಲಿ ಸಾದಾ ಗೋಧಿಗಿಂತ ಹೆಚ್ಚು ಬೆಲೆ ಕೊಟ್ಟು ತಂದೆ. ಕೆಲವು ಕಡೆ ಸದಕ ಎಂದೂ ಕರೆಯುವ ಈ ಗೋಧಿಯ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕುಟ್ಟಿ ಬಿಡಿಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಸುಧಾರಿತ ತಳಿಗಳನ್ನೂ ಹೊರತಂದಿದೆ. ನಮ್ಮ ಕಡೆ ಹುಗ್ಗಿಗೆ, ಮಾದಲಿಗೆ ಇದೇ ಆಗಬೇಕು.

ಅಡುಗೆಮನೆಯಲ್ಲಿ ನನ್ನ ಓದು ಬೇಗ ಸೋತಿತು. ಜವೆ ಗೋಧಿಯ ಕಣಕಕ್ಕೆ ಮೈದಾದ ಎಳೆತ ಇಲ್ಲ. ಮೊದಲ ಮೂರು ಹೋಳಿಗೆ ಹರಿದು ಹೂರಣ ಹಂಚಿಗೆ ಹತ್ತಿತು. ಅವ್ವ ನಗುತ್ತ ದಾರಿ ತೋರಿಸಿದಳು: ಹಿಟ್ಟನ್ನು ಮೆತ್ತಗೆ ಕಲಸಿ, ಒಂದು ಚಮಚ ಎಣ್ಣೆ ಹಾಕಿ ನಾದಿ, ಎರಡು ತಾಸು ನೆನೆಯಲು ಬಿಡಬೇಕು. ಒಂದು ಬಟ್ಟಲು ಕಡಲೆಬೇಳೆಗೆ ಅವಳು ಎಂದಿನಿಂದ ಹಾಕುತ್ತಿದ್ದುದು ಒಂದು ಬಟ್ಟಲು ಬೆಲ್ಲ. ಈ ಸಲ ಅರ್ಧ ಬಟ್ಟಲಿಗೆ ಇಳಿಸಿದೆವು. ಬೆಲ್ಲ ಕಡಿಮೆಯಾದರೆ ಹೂರಣ ಉದುರುದುರಾಗುತ್ತದೆ, ಅದಕ್ಕೆ ಬೇಳೆಯನ್ನು ತುಸು ಹೆಚ್ಚೇ ಬೇಯಿಸಿದಳು. ಏಲಕ್ಕಿ, ಜಾಜಿಕಾಯಿ, ಒಣಶುಂಠಿ ಬಿದ್ದ ಮೇಲೆ ಸಿಹಿ ಕಡಿಮೆಯೆನಿಸಲಿಲ್ಲ. ಎಣ್ಣೆಯಲ್ಲಿ ತಟ್ಟುವ ಬದಲು ಒಣಹಿಟ್ಟು ಹಚ್ಚಿ ಲಟ್ಟಿಸಿದೆವು. ಬೇಳೆ ಬಸಿದ ಕಟ್ಟು ಎಂದಿನಂತೆ ಕಟ್ಟಿನ ಸಾರಾಯಿತು.

"ಈಗ ಇದು ಆರೋಗ್ಯಕ್ಕ ಛಲೋ ಅಲಾ?" ಎಂದು ಅವ್ವ ಕೇಳಿದಾಗ ಹೌದು ಎನ್ನಲು ಬಾಯಿ ಬರಲಿಲ್ಲ. ತೌಡಿರುವ ಹಿಟ್ಟು, ಬೇಳೆ ಸಿಹಿಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತವೆ, ನಿಜ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕಿಲೋ ಕ್ಯಾಲೊರಿ, ಬೆಲ್ಲದಲ್ಲಿ ಅದಕ್ಕಿಂತ ತುಸುವೇ ಕಡಿಮೆ. ಅದರಲ್ಲಿ ಕಬ್ಬಿಣದ ಅಂಶ ಇದೆ ಎಂದು ಸಕ್ಕರೆ ಕಾಯಿಲೆಯವರಿಗೆ ಅದು ಔಷಧವಾಗುವುದಿಲ್ಲ. ಅಪ್ಪನ ಡಾಕ್ಟರೂ ಇದನ್ನೇ ಹೇಳಿದ್ದರು: ಯಾವುದರಿಂದ ಮಾಡಿದ್ದು ಅನ್ನುವುದರ ಜೊತೆಗೆ ಎಷ್ಟು ತಿಂದಿರಿ ಅನ್ನುವುದನ್ನೂ ನೋಡಿ, ಆ ಹೊತ್ತು ಅನ್ನ ಕಡಿಮೆ ಮಾಡಿ.

ಬೀಸುಕಲ್ಲಿನ ಮುಂದೆ ಕೂತವರಿಗೆ ಈ 'ಎಷ್ಟು' ಎಂಬುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹೋಳಿ ಹುಣ್ಣಿಮೆ, ಯುಗಾದಿ, ಎತ್ತುಗಳಿಗೂ ಹೋಳಿಗೆ ತಿನ್ನಿಸುವ ಕಾರ ಹುಣ್ಣಿಮೆ, ಹೀಗೆ ವರ್ಷದಲ್ಲಿ ಬೆರಳೆಣಿಕೆಯ ದಿನ ಹೋಳಿಗೆ. ಮುಂದಿನ ಹಬ್ಬಕ್ಕೆ ರಟ್ಟೆಗಳು ಮತ್ತೆ ಸಿದ್ಧವಾಗಬೇಕು. ಆ ಮಿತಿಯನ್ನು ಕಾಯ್ದದ್ದು ಶಾಸ್ತ್ರಗ್ರಂಥವಲ್ಲ, ಹೆಂಗಸರ ದುಡಿಮೆ. ಗಿರಣಿ ಆ ದುಡಿಮೆಯನ್ನು ಹಗುರ ಮಾಡಿತು. ಅದರ ಜೊತೆಗೇ ಮಿತಿಯೂ ಸಡಿಲವಾಯಿತು. ಈಗ ಹೋಳಿಗೆಯ ಅಂಗಡಿಗಳಲ್ಲಿ ವರ್ಷವಿಡೀ ಬಿಸಿ ಹೋಳಿಗೆ ಸಿಗುತ್ತದೆ. ಹಿಂದಿನವರ ಆರೋಗ್ಯ ಬೇಕೆಂದು ಅವ್ವನನ್ನು ಮತ್ತೆ ಬೀಸುಕಲ್ಲಿಗೆ ಕೂರಿಸುವುದು ನ್ಯಾಯವಲ್ಲ. ಮಿತಿಯನ್ನು ಈಗ ತಿನ್ನುವವರೇ ಇಟ್ಟುಕೊಳ್ಳಬೇಕು, ದುಡಿಮೆಯಲ್ಲೂ ಪಾಲು ತೆಗೆದುಕೊಳ್ಳಬೇಕು.

ಆ ದಿನ ಲಟ್ಟಿಸಿದ್ದು ನಾನು, ಬೇಯಿಸಿದ್ದು ಅಪ್ಪ. ಅವ್ವ ಮೊದಲ ಪಂಕ್ತಿಯಲ್ಲೇ ಕೂತಳು. ಅಪ್ಪನ ತಟ್ಟೆಗೆ ಒಂದು ಹೋಳಿಗೆ, ಅರ್ಧ ಚಮಚ ತುಪ್ಪ, ಅನ್ನದ ಬದಲು ಒಂದು ಬಟ್ಟಲು ಕಟ್ಟಿನ ಸಾರು. ಪಕ್ಕದ ಮನೆಯ ಕಾಕಾ ಬಂದವರು ರೂಢಿಯಂತೆ "ಇನ್ನೊಂದು ಹಾಕಿಸ್ಕೋರಿ" ಎಂದು ಒತ್ತಾಯ ಮಾಡಿದರು. ಅಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ನಕ್ಕರು: "ಸಾಕ್ರೀ. ಮುಂದ ಕಾರ ಹುಣ್ಣಿವಿ ಐತಲ್ಲ."