ದೀರ್ಘಕಥನದಲ್ಲಿಯ ಜಳ್ಳು

ನಮ್ಮ ಮುಳಗುಂದದಲ್ಲಿ ಮಲ್ಲಿಷೇಣಾಚಾರ್ಯನು ಶಕ 969ರಲ್ಲಿ, ಎಂದರೆ ಕ್ರಿ. ಶ. 1047ರಲ್ಲಿ, ತನ್ನ ಸಂಸ್ಕೃತ ಮಹಾಪುರಾಣವನ್ನು ಮುಗಿಸಿದನು. ಅದಾದ ಅರುವತ್ತೈದು ವರ್ಷಗಳ ಮೇಲೆ, 1112ರಲ್ಲಿ, ಇದೇ ಊರಿನ ನಯಸೇನನು ಕನ್ನಡದಲ್ಲಿ ‘ಧರ್ಮಾಮೃತ’ವನ್ನು ರಚಿಸಿದನು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೊಗಳುವದು ನಮ್ಮ ವಾಡಿಕೆ. ಆದರೆ ದೀರ್ಘವಾದ ಕಥೆಯನ್ನು ನಡೆಯಿಸುವ ವಿಷಯದಲ್ಲಿ ಇವರು ವಿರುದ್ಧ ದಿಕ್ಕಿಗೆ ನಡೆದವರೆಂಬುದು ನನ್ನ ಲಕ್ಷ್ಯಕ್ಕೆ ಬಂದದ್ದು ತೀರ ಈಚೆಗೆ. ಅದೂ ಒಬ್ಬ ಹುಡುಗನ ಮಾತಿನಿಂದ.

ಬೇಸಗೆಯ ಸೂಟಿಗೆ ಬಂದಿದ್ದ ಮೊಮ್ಮಗನು ‘ನರುಟೊ’ ಎಂಬ ಜಪಾನೀ ಚಿತ್ರಕಥಾಮಾಲೆಯನ್ನು ದಿನಾಲು ನೋಡುತ್ತಿದ್ದನು. ಒಂದು ಸಂಜೆ ಬೇಸತ್ತು, “ಅಜ್ಜಾ, ಇಪ್ಪತ್ತು ಕಂತು ನೋಡೀನಿ, ಕತಿ ಒಂದ ಹೆಜ್ಜಿ ಮುಂದ ಹೋಗಿಲ್ಲ” ಎಂದನು. ವಿಚಾರಿಸಲಾಗಿ ಸಂಗತಿ ಹೀಗೆ ತಿಳಿಯಬಂತು. ಮಸಾಶಿ ಕಿಶಿಮೊಟೊ ಎಂಬವನು 1999ರಿಂದ ಒಂದು ವಾರಪತ್ರಿಕೆಯಲ್ಲಿ ಚಿತ್ರಗಳ ಮೂಲಕ ಹೇಳುತ್ತಿದ್ದ ಕಥೆಯನ್ನು 2002ರಿಂದ ಟೆಲಿವಿಜನ್ನಿನಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸತೊಡಗಿದರು. ಅವನ ಅಧ್ಯಾಯ ಚಿಕ್ಕದು. ಒಂದು ಕಂತಿಗೆ ಒಂದಕ್ಕಿಂತ ಹೆಚ್ಚು ಅಧ್ಯಾಯಗಳು ಬೇಕಾಗುವವು. ಹೀಗಾಗಿ ತೋರಿಸುವವರು ಬರೆಯುವವನ ಬೆನ್ನಿಗೇ ಬಂದು ಮುಟ್ಟಿದರು. ವಾರದ ವೇಳೆಯನ್ನು ಬಿಡಲೊಲ್ಲದೆ, 136ನೆಯ ಕಂತಿನಿಂದ 2007ರ ಫೆಬ್ರುವರಿಯಲ್ಲಿ ಮುಗಿದ 220ನೆಯ ಕಂತಿನವರೆಗೆ ಬಹುಮಟ್ಟಿಗೆ ಮೂಲದಲ್ಲಿಲ್ಲದ ಕಥೆಗಳನ್ನೇ ತುಂಬಿದರು. ಇವುಗಳಲ್ಲಿ ನಾಯಕನು ಬೆಳೆಯುವಂತಿಲ್ಲ, ಸೋಲುವಂತಿಲ್ಲ. ಮೂಲದವನು ಮುಂದೆ ಏನು ಬರೆಯುವನೋ ಅದಕ್ಕೆ ಬಾಧೆ ಬಾರದಂತೆ ಎಲ್ಲವನ್ನೂ ಇದ್ದಲ್ಲಿಯೇ ಇಡಬೇಕು. ಹುಡುಗನು ಇವನ್ನು ‘ಫಿಲ್ಲರ್’ ಎಂದನು. ನಮ್ಮ ಕಣದ ಮಾತಿನಲ್ಲಿ ಜಳ್ಳು.

ಆ ರಾತ್ರಿ ನನಗೆ ನೆನಪಾದದ್ದು ನಯಸೇನನು. ಕಥೆ ಹುಟ್ಟುವ ಮೊದಲೇ ಅವನ ಚೀಲದ ಅಳತೆಯೂ ಗೊತ್ತಾಗಿತ್ತು. ಸಮ್ಯಗ್ದರ್ಶನ ಒಂದು, ಅದರ ಅಂಗಗಳು ಎಂಟು, ವ್ರತಗಳು ಐದು. ಕೂಡಿ ಹದಿನಾಲ್ಕು ರತ್ನಗಳು, ಹದಿನಾಲ್ಕು ಆಶ್ವಾಸಗಳು, ಒಂದೊಂದಕ್ಕೂ ಒಂದು ಕಥೆ. ಯಾವ ರತ್ನಕ್ಕೆ ಕಥೆ ಸಮೃದ್ಧವಾಗಿದೆ, ಯಾವದಕ್ಕೆ ಬಡವಾಗಿದೆ ಎಂದು ನೋಡುವ ಸ್ವಾತಂತ್ರ್ಯವಿಲ್ಲ. ಇದರ ಮೇಲೆ ಮಹಾಕಾವ್ಯದಲ್ಲಿ ಪುರ, ಸಮುದ್ರ, ಋತು, ಚಂದ್ರೋದಯಾದಿ ಹದಿನೆಂಟು ವರ್ಣನೆಗಳಿರಬೇಕೆಂಬ ಲಕ್ಷಣಕಾರರ ಕಟ್ಟಳೆ ಬೇರೆ. ದಂಡಿಯನ್ನು ಬಾಯಿಪಾಠ ಮಾಡಿದ ನಾನೇ ಹೇಳುತ್ತೇನೆ: ಆ ಕಟ್ಟಳೆಯಿಂದ ನಮ್ಮ ಎಷ್ಟೋ ಚಂಪೂಗಳಲ್ಲಿ ಕಥೆಯು ಊರಬಾಗಿಲಲ್ಲಿಯೇ ಕುಳಿತು ತೂಕಡಿಸಿದೆ.

ರೇವತಿಯ ಕಥೆಯನ್ನೇ ನೋಡಿರಿ. ಅವಳ ಶ್ರದ್ಧೆಯನ್ನು ಪರೀಕ್ಷಿಸಲು ಬಂದವನು ಬ್ರಹ್ಮ, ವಿಷ್ಣು, ರುದ್ರರ ವೇಷಗಳನ್ನು ಸಾಲಾಗಿ ಧರಿಸುವನು. ಅವಳು ಮೋಸಹೋಗಳೆಂಬುದು ಮೊದಲನೆಯ ವೇಷದಲ್ಲಿಯೇ ಓದುಗನಿಗೆ ಗೊತ್ತು; ಉಳಿದವು ಲೆಕ್ಕ ತುಂಬುವದಕ್ಕೆ. ಅನಂತಮತಿಯ ಕಥೆಯಲ್ಲಿಯೂ ಆವೃತ್ತಿಯೇ ಇದೆ: ವಿದ್ಯಾಧರನ ಕೈಯಿಂದ ಬೇಡರ ಕೈಗೆ, ಅಲ್ಲಿಂದ ವ್ಯಾಪಾರಿಗೆ, ಅವನಿಂದ ವೇಶ್ಯೆಗೆ. ಆದರೆ ಇಲ್ಲಿ ಪ್ರತಿಯೊಂದು ಸಲವೂ ಆ ಹುಡುಗಿಯ ಪಾಲಿಗೆ ಜಗತ್ತು ಇನ್ನಷ್ಟು ಕಿರಿದಾಗುತ್ತದೆ, ಎದೆ ಡವಗುಟ್ಟುತ್ತದೆ. ಆದುದರಿಂದ ಪುನರುಕ್ತಿಯೇ ಜಳ್ಳೆಂದು ತಿಳಿಯಲಾಗದು. ಏನೂ ಕಳೆದುಕೊಳ್ಳುವ ಭಯವಿಲ್ಲದ ಪುನರುಕ್ತಿಯು ಜಳ್ಳು.

ಇನ್ನು ಮಲ್ಲಿಷೇಣನು. ಜಿನಸೇನ ಗುಣಭದ್ರರು ಸುಮಾರು ಇಪ್ಪತ್ತು ಸಾವಿರ ಶ್ಲೋಕಗಳಲ್ಲಿ ಹೇಳಿದ ಅರುವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಅವನು ಸುಮಾರು ಎರಡು ಸಾವಿರದಲ್ಲಿ ಇಳಿಸಿದನು. ಸರಾಸರಿ ತೆಗೆದರೆ ಒಬ್ಬೊಬ್ಬ ಮಹಾಪುರುಷನಿಗೆ ಮೂವತ್ತೆರಡು ಶ್ಲೋಕಗಳೂ ಪೂರ್ತಿ ಸಿಕ್ಕುವದಿಲ್ಲ. ತೂರಿ ತೂರಿ ಜಳ್ಳನ್ನೆಲ್ಲ ಹಾರಿಸಿದ ಕಣವದು. ಗದುಗಿನ ಕುಮಾರವ್ಯಾಸನಾದರೋ ಮೂರನೆಯ ದಾರಿಯನ್ನು ಹಿಡಿದನು. ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಲ್ಲಿಸಿಯೇ ಬಿಟ್ಟನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಬರೆದು ಕೂಡಿಸಿದನು. ಕೂಡಿಸಿದ್ದನ್ನು ಇಂದು ಎಷ್ಟು ಜನ ಓದುತ್ತಾರೆ?

ನಾನು ಮೂವತ್ತು ವರ್ಷ ಶಾಲೆಯಲ್ಲಿ ನಯಸೇನನ ವಿಷಯವಾಗಿ ಒಂದೇ ಪಾಠ ಹೇಳಿದೆನು: ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವದು ತುಪ್ಪದೊಡನೆ ಎಣ್ಣೆಯನ್ನು ಬೆರಸಿದಂತೆ ಎಂದವನು, ನಮ್ಮ ಊರವನು, ನಿರ್ದೋಷಿ. ಅವನ ಕಾವ್ಯದಲ್ಲಿಯೇ ಸಂಸ್ಕೃತ ಬೇಕಾದಷ್ಟಿದೆ ಎಂಬುದನ್ನಾಗಲಿ, ಅವನ ಉಪಮೆಗಳ ಸುರಿಮಳೆಯಲ್ಲಿ ಕಥೆ ತೊಯ್ದು ನಿಂತುಹೋಗುತ್ತದೆ ಎಂಬುದನ್ನಾಗಲಿ ಬಾಯಿಬಿಡಲಿಲ್ಲ. ಅಭಿಮಾನಕ್ಕೆ ಅಂಜಿದೆನು. ಅದು ಮಾಸ್ತರನ ತಪ್ಪು; ಕವಿಯದಲ್ಲ.

ಆದರೆ ಈ ಸಲ ಮತ್ತೆ ಓದುವಾಗ ಇನ್ನೊಂದು ಮಾತು ಹೊಳೆಯಿತು. ಒಂದರ ಹಿಂದೊಂದು ಹತ್ತು ಹನ್ನೆರಡು ಹೋಲಿಕೆಗಳನ್ನು ಪೋಣಿಸುವಾಗ ಪುರಾಣದ ಸಾಮಗ್ರಿ ಸಾಲದೆ ಹೋಗುತ್ತದೆ. ಆಗ ಕವಿಯು ಮನೆ, ಹೊಲ, ಸಂತೆಗಳ ಕಡೆಗೆ ಕೈಚಾಚುತ್ತಾನೆ. ಗಾದೆಯಾಗಿ ಆಡುತ್ತಿದ್ದ ಮಾತು, ಮೂರ್ಖನನ್ನು ಹಂಗಿಸುತ್ತಿದ್ದ ರೀತಿ, ಇವೆಲ್ಲ ಅಲ್ಲಿ ಬಂದು ಬೀಳುತ್ತವೆ. ಒಂಬತ್ತು ನೂರು ವರ್ಷಗಳ ಹಿಂದಿನ ಈ ನಾಡಿನ ಜನರು ನನಗೆ ಸಿಕ್ಕುವದು ಲಲಿತಾಂಗನ ಸಾಹಸದಲ್ಲಿ ಅಲ್ಲ, ಆ ಜಳ್ಳಿನ ರಾಶಿಯಲ್ಲಿ. ಮಲ್ಲಿಷೇಣನ ಚೊಕ್ಕ ಕಣದಲ್ಲಿ ಅವರ ಸುಳಿವಿಲ್ಲ.

ಇದನ್ನು ಮೊಮ್ಮಗನಿಗೆ ಹೇಳಿದೆನು. ಅವನು ಸ್ವಲ್ಪ ಯೋಚಿಸಿ 101ನೆಯ ಕಂತನ್ನು ಹಚ್ಚಿದನು. ಅದೂ ಮೂಲದಲ್ಲಿಲ್ಲದ್ದೇ ಅಂತೆ. ಸದಾ ಮುಖವಸ್ತ್ರ ಕಟ್ಟಿಕೊಂಡಿರುವ ಗುರುವಿನ ಮೋರೆ ನೋಡಬೇಕೆಂದು ಮೂವರು ಶಿಷ್ಯರು ಊರೆಲ್ಲ ಹೊಂಚುಹಾಕುವರು. ಕೊನೆಗೆ ಗುರುವು ತಾನಾಗಿಯೇ ಅದನ್ನು ತೆಗೆದರೆ ಒಳಗೆ ಇನ್ನೊಂದು ಮುಖವಸ್ತ್ರ. ಹುಡುಗನು ಅದನ್ನು ಎರಡು ಸಲ ನೋಡಿದನು. ಎರಡನೆಯ ಸಲ ನಾನೂ ಕನ್ನಡಕ ಒರಸಿಕೊಂಡು ಮಗ್ಗುಲಲ್ಲಿ ಕುಳಿತೆನು.